ಏಳು ಲಂಗದೊಳಗಿನ ಮೊಣಕಾಲು

ಬೆಳಿಗ್ಗೆ ಮೊದಲ ಕೆಲಸ, ಕಪ್ಪು ಬಿಳಿ ಚೌಕಳಿಯ ಹಲಗೆ ಹಿಡಿದು
ಕೋಣೆಯ ಮೂಲೆಮೂಲೆಗೂ ಅಡ್ಡಾಡುವುದು.
ಎಂಟು ಕ್ಯಾಮೆರಾಗಳು ತಮ್ಮತಮ್ಮ ಜಾಗ ಅರಿಯಬೇಕು,
ನಾ ಕಂಡದ್ದೂ ನೀ ಕಂಡದ್ದೂ ಒಂದೇ ಎಂದು ಒಪ್ಪಬೇಕು.
ಲೈರಿಯಾದ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ನನಗೆ ಸಂಬಳ ಇದಕ್ಕೇ:
ಕಣ್ಣುಕಣ್ಣುಗಳ ಜಗಳ ಬಿಡಿಸುವುದಕ್ಕೆ.

ಹೋದ ವರ್ಷ ಬಂದಿದ್ದಳು ಡಿಯೊಲಿಂಡಾ,
ನಝರೆಯ ದಂಡೆಯಲ್ಲಿ ಮೀನು ಮಾರಿದವಳು,
ಎಪ್ಪತ್ತೆಂಟು ವಯಸ್ಸು, ಬಲಸೊಂಟದಲ್ಲಿ ಕುಟುಕು ನೋವು.
ಆಗ ನಮ್ಮದು ಹಳೇ ಪದ್ಧತಿ.
ಬಟ್ಟೆ ಕಳಚಬೇಕು, ಬರಿಮೈಗೆ ಅಂಟಿಸಬೇಕು
ಗೋಲಿಗಾತ್ರದ ಹೊಳೆವ ಗುಂಡು, ಮೂವತ್ತೊಂಬತ್ತು.
ಅವಳು ಗುಂಡಿನ ಡಬ್ಬಿ ನೋಡಿದಳು, ನನ್ನ ನೋಡಿದಳು.
"ನನ್ನ ಗಂಡನೇ ದೀಪ ಆರಿಸಿ ಬರುತ್ತಿದ್ದ" ಎಂದಳು.
ಹನ್ನೊಂದರ ಬಸ್ಸಿಗೆ ಹೋಗಿಬಿಟ್ಟಳು.

ಈಗ ಗುಂಡಿಲ್ಲ, ಗೋಂದಿಲ್ಲ. ಕಾಗದ ಬರೆದೆ:
ಉಟ್ಟ ಬಟ್ಟೆಯಲ್ಲೇ ನಡೆದರೆ ಸಾಕು, ಯಾರೂ ಮುಟ್ಟುವುದಿಲ್ಲ.
ಬಂದಳು.
ಉಡುವುದನ್ನೆಲ್ಲ ಉಟ್ಟೇ ಬಂದಳು,
ಒಂದರ ಮೇಲೊಂದು ಏಳು ಲಂಗ,
ಹೊರಗಿನದು ಚೌಕಳಿಯದು, ನನ್ನ ಹಲಗೆಯ ಅಕ್ಕನ ಹಾಗೆ.
"ಏಳೂ ಬೇಕೆ?" ಎಂದು ತೆಲ್ಮೊ ತಡವರಿಸಿದ.
"ದೋಣಿ ಕಾಯುವಾಗ ಚಳಿ ಎಣಿಸಿ ಬರುತ್ತದೇನಪ್ಪ?"

ನಡೆದಳು. ಆರು ಮೀಟರು, ತಿರುಗಿ ಆರು ಮೀಟರು.
ಪರದೆಯ ಮೇಲೆ ಕಡ್ಡಿಯ ಹೆಂಗಸೊಬ್ಬಳು ಎದ್ದಳು:
ಕತ್ತಿಗೊಂದು ಚುಕ್ಕಿ, ಹೆಗಲಿಗೆರಡು,
ಕಾಲ್ಗಂಟು ಅಂಚಿನ ಕೆಳಗೆ ಆಗೊಮ್ಮೆ ಈಗೊಮ್ಮೆ,
ಮೊಣಕಾಲು ಮಾತ್ರ ಇಲ್ಲಿದೆ ಎಂದರೆ ಅಲ್ಲಿ,
ಬಲೆಯೊಳಗಿನ ಬೂತಾಯಿಯ ಹಾಗೆ.
ಯಂತ್ರ ಲಕ್ಷಾಂತರ ಜನರ ನಡಿಗೆ ಕಲಿತಿದೆ,
ಓಟಗಾರರು, ಪೋಲೀಸರು, ಚಡ್ಡಿ ತೊಟ್ಟ ಪಡ್ಡೆಗಳು.
ಅವರಲ್ಲಿ ಏಳು ಲಂಗದವಳು ಒಬ್ಬಳೂ ಇರಲಿಲ್ಲ.
ಮೂಲೆಯಲ್ಲಿ ಅದೇ ಬರೆದುಕೊಂಡಿತು:
ಮೊಣಕಾಲು, ಭರವಸೆ ಶೇಕಡ ನಲವತ್ತೊಂದು.
ಇಷ್ಟು ಸತ್ಯ ಹೇಳುವ ಡಾಕ್ಟರನ್ನು ನಾನು ಕಂಡಿಲ್ಲ.

ಆದರೆ ತಲೆ!
ನಡೆವಾಗ ಎಲ್ಲರ ತಲೆಯೂ ಏರಿಳಿಯುತ್ತದೆ,
ಸಣ್ಣ ಅಲೆ, ಮೂರು ಬೆರಳಿನಷ್ಟು.
ಇವಳದು ನೂಲು ಹಿಡಿದು ಎಳೆದ ಗೆರೆ.
"ಲೆಕ್ಕ ತಪ್ಪಿದೆ" ಎಂದ ತೆಲ್ಮೊ.
ಮತ್ತೆ ಹಲಗೆ ಹಿಡಿದೆ, ಮತ್ತೆ ಎಂಟು ಕಣ್ಣಿಗೂ ತೋರಿಸಿದೆ,
ಮತ್ತೆ ನಡೆದಳು.
ಮತ್ತೆ ಅದೇ ಗೆರೆ.

"ಏನು ಹೊರುತ್ತಿದ್ದಿರಿ?"
"ಇಪ್ಪತ್ತೈದು ಕಿಲೋ. ಒಂಬತ್ತು ವರ್ಷದವಳಿದ್ದಾಗ ಅದರ ಅರ್ಧ.
ಮೀನಿನ ನೀರು ಕತ್ತಿಗೆ ಇಳಿಯುತ್ತಿತ್ತು,
ಅದು ಒಣಗುವ ಹೊತ್ತಿಗೆ ಮನೆ."
"ಬುಟ್ಟಿ ಇಳಿಸಿ?"
"ಮೂವತ್ತು ವರ್ಷವಾಯಿತು."

ಪರದೆಯ ಹತ್ತಿರ ಬಂದು ಕನ್ನಡಕ ಹಾಕಿಕೊಂಡಳು.
"ಯಾರಿವಳು, ಇಷ್ಟು ಬಡಕಲು?
ಅನ್ನ ಹಾಕುವವರಿಲ್ಲವೆ?"
ಆಮೇಲೆ ಸುಮ್ಮನಾದಳು.
ತಲೆಯ ಚುಕ್ಕಿಯ ಮೇಲೆ, ಏನೂ ಇಲ್ಲದ ಕಡೆ,
ಬೆರಳಿಟ್ಟು ತುಸು ಎಡಕ್ಕೆ ಸರಿಸಿದಳು.
"ಇಲ್ಲಿಡುತ್ತಿದ್ದೆ. ಬಲಗಡೆ ಕಂಕುಳಲ್ಲಿ ಮಗು."

ಫಾರಮ್ಮಿನಲ್ಲಿ ಅದಕ್ಕೆ ಜಾಗವಿಲ್ಲ.
ಬಾಗು ಎಷ್ಟು ಡಿಗ್ರಿ ಎಂದಷ್ಟೇ ಕೇಳುತ್ತದೆ.
ಬರೆದೆ: ಮೊಣಕಾಲು ಕಾಣಲಿಲ್ಲ.
ತೆಲ್ಮೊ ಒಂದೊಂದಾಗಿ ಕ್ಯಾಮೆರಾ ಆರಿಸಿದ.

ಹೊರಟಳು. ಬಾಗಿಲು ಎತ್ತರದ್ದು,
ಸ್ಟ್ರೆಚರಿನ ಪಕ್ಕ ಸಲೈನ್ ಕಂಬವೂ ಸಲೀಸಾಗಿ ದಾಟುವಂಥದ್ದು,
ಅವಳೋ ನನ್ನ ಭುಜಕ್ಕೂ ಬರುವವಳಲ್ಲ.
ಆದರೂ ಹೊಸಿಲಿನಲ್ಲಿ ನಿಂತು,
ಕತ್ತು ಕೊಂಕದ ಹಾಗೆ, ಬೆನ್ನು ಬಾಗದ ಹಾಗೆ,
ಎರಡೂ ಮೊಣಕಾಲು ಮಡಿಸಿ ತಗ್ಗಿದಳು.
ಏಳೂ ಲಂಗದ ಅಂಚು ನೆಲಕ್ಕೆ ತಾಗಿತು,
ನಾಲ್ಕು ಬೆರಳು, ನನ್ನ ಕಣ್ಣಳತೆಯಲ್ಲಿ.