ಹಿಂದೆ ಬಂದವರು

ನಾನು ದಳದ ಖಜಾಂಚಿ. ಮೂವತ್ತು ವರ್ಷದಿಂದ
ಡೀಸೆಲ್ಲಿನ ರಸೀದಿ, ಬೂಟಿನ ಲೆಕ್ಕ.
ವಾಲ್ಪರೈಸೋದ ಈ ಗುಡ್ಡದಲ್ಲಿ ಬೆಂಕಿ ಆರಿಸಲು
ಸಂಬಳವಿಲ್ಲದ ಮೂವತ್ತೊಂದು ಮಂದಿ:
ಬೇಕರಿಯವನು, ದಂತವೈದ್ಯೆ,
ಟ್ರಾಲಿಬಸ್ಸಿನ ಡ್ರೈವರು ಇಬ್ಬರು, ಹೀಗೆ.

ಮಾರ್ಚಿನ ಸಭೆಯಲ್ಲಿ ಕ್ಯಾಪ್ಟನ್ ಬೆಲಿಸಾರಿಯೋ
ಕೈಗೊಂದು ಫೋನು ತುರುಕಿದ.
'ಎಡೆಲ್ಮಿರಾ, ಇನ್ನು ಇದೂ ನಿನ್ನ ಪಾಲಿಗೆ.
ಹತ್ತು ಸಾವಿರ ಫಾಲೋವರ್ಸ್ ಆದರೆ
ಬಣ್ಣದ ಕಂಪನಿ ಹೊಸ ಪೈಪು ಕೊಡಿಸುತ್ತದಂತೆ.'
ಇದ್ದದ್ದು ಇನ್ನೂರ ಹನ್ನೆರಡು.
ಅದರಲ್ಲಿ ನಲವತ್ತು ನಮ್ಮ ನಮ್ಮ ನೆಂಟರು,
ಒಂದು ಯಾವುದೋ ಟೂತ್‌ಪೇಸ್ಟು.

ಬೇಕರಿಯವನ ಮಗಳು ಯಾಸ್ನಾ, ಹದಿನಾರರವಳು, ಪಾಠ ಹೇಳಿದಳು:
ದಿನಾ ಹಾಕು, ಸಂಜೆ ಏಳಕ್ಕೆ ಹಾಕು, ಮುಖ ಇರಲಿ,
ಮೂರು ಸೆಕೆಂಡಿನಲ್ಲಿ ಹಿಡಿಯದಿದ್ದರೆ
ಹೆಬ್ಬೆರಳು ಜಾರಿತು ಅಂತಲೇ ತಿಳಿ.
ದಿನಾ ಹಾಕಿದೆ.
ಗ್ಯಾಸಿನ ನಳಿಗೆ ಬದಲಿಸುವ ಕ್ರಮ: ಒಂಬತ್ತು ಹೃದಯ.
ಬೇಸಿಗೆ ಬಂತು, ಒಣಹುಲ್ಲು ಕೊಯ್ದು ತೆಗೆಯಿರಿ: ಆರು.
ಹಿತ್ತಾಳೆ ಗಂಟೆ ಉಜ್ಜುತ್ತಿರುವ ದಂತವೈದ್ಯೆ: ಐವತ್ತು,
ಅವಳ ರೋಗಿಗಳು ಹೆದರಿ ಒತ್ತಿರಬೇಕು.

ಜನವರಿಯಲ್ಲಿ ಮೇಲಿನ ಕಣಿವೆಗೆ ಬೆಂಕಿ ಬಿತ್ತು.
ನೀಲಗಿರಿ, ಎಣ್ಣೆಯ ಮರ, ಕೇಳಬೇಕೆ.
ಯಾರೋ ಟ್ರಕ್ಕಿನ ಮೇಲಿಂದ ತೆಗೆದ ನಲವತ್ತು ಸೆಕೆಂಡು,
ನಡುಗುವ ಕೈಯಲ್ಲಿ ನಾನೇ ಹಾಕಿದೆ.
ನಾಲ್ಕು ಗಂಟೆಗೆ ಎರಡು ಸಾವಿರ. ಐದಕ್ಕೆ ಆರು.
ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡಿದ್ದೆ;
ಬೆಂಕಿ ಬಿದ್ದಾಗ ಎಣಿಸುವವಳನ್ನು ಕಂಡದ್ದು
ಅವತ್ತೇ, ಟ್ರಕ್ಕಿನ ಕನ್ನಡಿಯಲ್ಲಿ.

ಹಳೆಯ ಪೈಪು ನೂರ ಅರವತ್ತಮೂರನೆಯ ಮೆಟ್ಟಿಲಿಗೆ ಮುಗಿದಿತ್ತು.
ಅಲ್ಲಿಂದಾಚೆ ಬಕೆಟ್ಟು.
ನಮ್ಮ ಹಿಂದೆ ಬಂದವರು ಹದಿನೇಳು ಜನ:
ಮೀನು ಮಾರುವ ಅಣ್ಣತಮ್ಮಂದಿರು,
ಬೈದರೂ ಕೆಳಗಿಳಿಯದ ಒಬ್ಬ ಬಸುರಿ,
ಫೋನನ್ನು ಬೂಟಿನೊಳಗೆ ತುರುಕಿಕೊಂಡ ಯಾಸ್ನಾ.
ಅವರ ಚಿತ್ರ ಒಂದೂ ಇಲ್ಲ.
ಎಲ್ಲರ ಕೈಯೂ ತುಂಬಿತ್ತು.

ಪೈಪು ಬಂತು. ಕೆಂಪು.
ನಮ್ಮ ಹೆಸರಿಗಿಂತ ಕಂಪನಿಯ ಹೆಸರು ದಪ್ಪ.

ಆಮೇಲೆ ಓರ್ಫೆಲಿನಾ ಫೋನು ಮಾಡಿದಳು,
ಈಗ ತಂಗಿಯ ಮನೆಯಲ್ಲಿದ್ದಾಳೆ.
'ಇಪ್ಪತ್ತೆರಡನೆಯ ಸೆಕೆಂಡಿನಲ್ಲಿ
ಎಡಗಡೆ ನೀಲಿ ಬಾಗಿಲು ಇದೆಯಲ್ಲ, ಅದು ನಂದು.'
ಕ್ಷಮಿಸು, ಈಗಲೇ ತೆಗೆದುಬಿಡುತ್ತೇನೆ ಅಂದೆ.
'ಬೇಡ ಮಾರಾಯ್ತಿ. ಅದರೊಳಗೆ ಮಾತ್ರ
ಅದು ಇನ್ನೂ ನಿಂತಿದೆ.'

ಊರಿನವರೆಲ್ಲ ನೋಡಿ ಮರೆತಾಯಿತು.
ಬಂದ ಸಾವಿರಗಳು ನೂರು ನೂರಾಗಿ ಸೋರುತ್ತಿವೆ,
ಯಾಸ್ನಾ ತಲೆ ಕೆಡಿಸಿಕೊಂಡಿದ್ದಾಳೆ.
ದಿನಾ ಬೆಳಿಗ್ಗೆ ಆರೂವರೆಯ ಹೊತ್ತಿಗೆ
ಆ ವಿಡಿಯೋ ನೋಡಿದವರ ಲೆಕ್ಕಕ್ಕೆ
ಒಂದು ಸೇರುತ್ತದೆ.
ಆ ಒಂದನ್ನು ಮಾತ್ರ ನಾನು
ಬೂಟಿನ ಪುಸ್ತಕದ ಕೊನೆಯ ಹಾಳೆಯಲ್ಲಿ
ಪೆನ್ಸಿಲಿನಲ್ಲಿ ಬರೆದಿಡುತ್ತೇನೆ.