ಎಡ ಅಂಚು

ವಾಲ್ಪರೈಸೊದ ಗುಡ್ಡದ ಮೇಲೆ ತಗಡಿನ ಮನೆ. ನಾನು ಹೋದಾಗ
ಎಲ್ಲರೂ ಇಸ್ತ್ರಿ ಬಟ್ಟೆಯಲ್ಲಿ, ಸೋಫಾದ ಮೇಲೆ
ಸಾಲಾಗಿ, ಹಲ್ಲು ತೋರಿಸಿ.
‘ಏಳಿ,’ ಅಂದೆ, ‘ನಿಮ್ಮ ಪಾಡಿಗೆ ನೀವಿರಿ.’
ತಮ್ಮ ಪಾಡು ಯಾವುದೆಂದು ಹುಡುಕುವುದಕ್ಕೇ
ಅವರಿಗೆ ಅರ್ಧ ಗಂಟೆ ಹಿಡಿಯಿತು.

ಆಮೇಲೆ ಬೀದಿಯಲ್ಲಿ ಗ್ಯಾಸಿನವನು ಸಿಲಿಂಡರ್ ಬಡಿದ,
ಠಣ್ ಠಣ್. ನೊಲ್ಬೆರ್ತೊ ಬರಿಗಾಲಲ್ಲಿ ಓಡಿದ.
ಯಾರೆಲಾ ಅಲ್ಲಾಡುವ ಹಲ್ಲನ್ನು ನಾಲಿಗೆಯಲ್ಲಿ ತಳ್ಳುತ್ತ
ಬೆಕ್ಕಿಗೆ ಮಗ್ಗಿ ಹೇಳಿಕೊಟ್ಟಳು. ಏಳೆಂಟ್ಲೆ ಐವತ್ನಾಲ್ಕು.
ಬೆಕ್ಕು ತಿದ್ದಲಿಲ್ಲ. ನಾನೂ.
ಕ್ಯಾಮೆರಾ ಹೊಟ್ಟೆಯ ಮೇಲೆ ಇಳಿಬಿಟ್ಟು ಎಷ್ಟೋ ಹೊತ್ತು
ಸುಮ್ಮನೆ ಬಟಾಣಿ ಬಿಡಿಸಿದೆ.

ಒಂದೇ ಒಂದು ಚಿತ್ರದ ಬಗ್ಗೆ ಹೇಳಬೇಕು:
ಇಸ್ಮೇನಿಯಾ ಸಿಂಕಿನೆದುರು, ಬೆನ್ನು ನಮಗೆ,
ಒಂದು ಪಾದದ ಮೇಲೆ ಇನ್ನೊಂದು ಪಾದ.
ನಲ್ಲಿ ಬಿಟ್ಟಿದೆ, ಪಾತ್ರೆ ಮುಟ್ಟಿಲ್ಲ.
ಕಿಟಕಿಯಾಚೆ ಬಂದರಿನ ಕ್ರೇನು, ಅದೂ ನಿಂತಿದೆ.
ಫೋಕಸ್ ಕೊಂಚ ತಪ್ಪಿದೆ. ಎಸೆಯುವವನಿದ್ದೆ.

ತಿಂಗಳ ಮೇಲೆ, ಮೇಜಿನ ತುಂಬ ಹರಡಿದ ಅರವತ್ತರಲ್ಲಿ
ಅವಳ ಬೆರಳು ಅಲ್ಲೇ ನಿಂತಿತು.
‘ಇವಳು ಯಾರು?’ ಎಂದಳು ಮೊದಲು.
ಆಮೇಲೆ ಗಂಡನ ಕಡೆ ತಿರುಗಿ,
‘ನಾನು ಹೀಗೆ ನಿಲ್ತೀನಾ? ನೀನು ಯಾವತ್ತೂ ಹೇಳ್ಲಿಲ್ಲ.’

ಅವನು ಬ್ರೆಡ್ಡಿಗೆ ಅವಕಾಡೊ ಸವರುತ್ತಿದ್ದ.
‘ದಿನಾ, ಸಂಜೆ ಏಳಕ್ಕೆ,’ ಅಂದ,
‘ಅದಕ್ಕೇ ಅಲ್ವಾ ರೇಡಿಯೊ ಸಣ್ಣ ಮಾಡೋದು.’

ಮತ್ತೆ ನೋಡಿದೆ.
ಎಡ ಅಂಚಿನಲ್ಲಿ, ನಾನು ಕತ್ತರಿಸಲಿದ್ದ ಕಡೆ,
ರೇಡಿಯೊದ ಗುಂಡಿ.
ಅದರ ಮೇಲೆ ಎರಡು ಬೆರಳು.