ಎಂಬತ್ತರ ನೂಲು

ಚರ್ಚಿನ ಲಕ್ಕಿ ಡ್ರಾದಾಗ ನಮ್ಮವರಿಗೆ
ಎರಡನೇ ಬಹುಮಾನ ಹತ್ತಿತು.
ಮೊದಲನೇದು ಮಿಕ್ಸರ್;
ಅದು ಮನ್ಯಾಗ ಎರಡು ಮಿಕ್ಸರ್ ಇದ್ದವರಿಗೇ ಹೋತು.

ಕೇಶ್ವಾಪುರದಿಂದ ಬೆಟಗೇರಿಗೆ
ಗೋಣಿಚೀಲದಾಗ ಕುಂತು ಬಂತು ಟರ್ಕಿ ಕೋಳಿ,
ಕುತ್ತಿಗಿ ಅಷ್ಟ ಹೊರಗ.
ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಹರದ.
ಅಣ್ಣಿಗೇರಿ ದಾಟೂತನಕ ಸುಮ್ಮನಿತ್ತಂತ,
ಆಮ್ಯಾಲ ಹಿಂದಿನ ಸೀಟಿನ ಕೂಸು ಅತ್ತಾಗೆಲ್ಲ
ತಾನೂ ದನಿಗೂಡಿಸ್ತಂತ.

ಹಬ್ಬದ ದಿನ ಯಾವ ಬೋಗಾಣಿಗೂ ಹಿಡಿಸಲಿಲ್ಲ.
ಬಚ್ಚಲದ ಹಂಡೆ ಹುಣಸಿಹಣ್ಣು ಹಚ್ಚಿ ತಿಕ್ಕಿದೆ.
ಎರಡು ತಾಸು ಕುದ್ದರೂ ತೊಡಿ ಮೆತ್ತಗಾಗಲೊಲ್ಲದು.
ಬಂದವರೆಲ್ಲ ಮರ್ಯಾದಿಗೆ ಒಂದೊಂದು ತುಂಡು ತಿಂದು
ಕರ್ಚಿಕಾಯಿಗೆ ಕೈ ಹಾಕಿದರು.
"ಚಲೋ ಐತಿ ವೈನಿ, ಸ್ವಲ್ಪ ಕಟ್ಟಿಗಿ ಕಟ್ಟಿಗಿ ಅಷ್ಟ,"
ಅಂದ್ಳು ನಾದಿನಿ ದೀನಮಣಿ, ನೀರು ಕುಡಕೋತ.

ಮರುದಿನ ಮುಂಜಾನೆ
ಅರ್ಧ ಹಕ್ಕಿ ಹಂಗ ಇತ್ತು.
ನಮ್ಮ ಫ್ರಿಜ್ಜಿನಾಗ ಹಾಲಿಟ್ಟರ ಮೊಸರಿಗೆ ಜಾಗಿಲ್ಲ.
ನಮ್ಮವರು ಡ್ಯೂಟಿಗೆ ಹೋಗಿದ್ದರು,
ಗೆದ್ದವರ ಕೆಲಸ ಗೆಲ್ಲೂದರಾಗ ಮುಗದಿತ್ತು.

ಮಾವ ಸಮಾಧಾನಪ್ಪನವರು ಬಂದು
ಪರಾತದ ಮುಂದ ಕುಂತರು. ಯಾರೂ ಕರದಿರಲಿಲ್ಲ.
ಮಗ್ಗ ಮಾರಿ ಆರು ವರ್ಷ.
ಕುಣಿ ಮುಚ್ಚಿ ಅದರ ಮ್ಯಾಲ ಟೀವಿ ಸ್ಟ್ಯಾಂಡ್ ಇಟ್ಟೇವಿ.
ಅವತ್ತಿಂದ ಆ ಮಾತು ಅವರು ತಗದಿಲ್ಲ,
ನಾವೂ ಕೆದಕಿಲ್ಲ.

ಎಲಬಿನಿಂದ ಒಂದು ಎಳಿ ಜಗ್ಗಿದರು.
ಬೆಳಕಿಗೆ ಹಿಡದರು.
ಎರಡು ಬೆರಳ ನಡುವ ಹೊಸದು
"ಎದಿಯದು ಎಂಬತ್ತರ ನೂಲು," ಅಂದರು.
ತೊಡಿ ಜಗ್ಗಿದರು. "ಇದು ಇಪ್ಪತ್ತರದು.
ಜಮಖಾನಕ್ಕ ಆದೀತು, ಸೀರಿಗೆ ಆಗೂದಿಲ್ಲ."
ನಗಬೇಕೋ ಬ್ಯಾಡೋ ನನಗ ತಿಳೀಲಿಲ್ಲ.
"ನೀರು ಚಿಮುಕಿಸು, ಒಣಾ ಎಳಿ ಕಡೀತಾವ."
ಚಿಮುಕಿಸಿದೆ.

ಹತ್ತೂವರಿ ತನಕ ಬಿಡಿಸಿದರು,
ಎಲ್ಲಾ ಒಂದ ದಿಕ್ಕಿಗೆ ಮಲಗಿಸಿ,
ಪರಾತದ ತುಂಬ ಲಡಿ ಲಡಿ.

ಎಲಬು ಹುರಳಿ ಜೋಡಿ ಕುದಿಯಾಕ ಹೋದವು.
ಎಳಿಗೆ ಉಳ್ಳಾಗಡ್ಡಿ, ಜಜ್ಜಿದ ಬೆಳ್ಳುಳ್ಳಿ,
ಸುಟ್ಟ ಒಣಕೊಬ್ಬರಿ, ಬ್ಯಾಡಗಿ ಖಾರ,
ಕಡೀಕ ಕೈತುಂಬ ಗುರೆಳ್ಳು ಪುಡಿ.
ವಾಸನಿ ಗ್ವಾಡಿ ಹತ್ತಿ ಇಳದು
ಗುರುಶಾಂತವ್ವನ ಹಿತ್ತಲಕ್ಕ ಹೋತು.

ನನ್ನ ಕರ್ಚಿಕಾಯಿ ಡಬ್ಬಿ ತಂದಳು, ಖಾಲಿ ಅಲ್ಲ,
ಸಜ್ಜಿ ರೊಟ್ಟಿ ತುಂಬಿಸಿ.
"ಎಳ್ಳಮಾಸಿಗೆ ಬಡದದ್ದು, ಇನ್ನೂ ಹದಿನೆಂಟು ಅದಾವ.
ಏನ ಅದು, ಘಮ್ ಅನ್ನಾಕತ್ತೈತಿ?"
"ಹಕ್ಕಿರೀ."
"ಎಂಥಾ ಹಕ್ಕಿ?"
"ಬಸ್ಸಿನಾಗ ಬಂದದ್ದು."
ಸೆರಗು ಮೂಗಿಗೆ ಹೋತು, ಕಾಲು ಹೋಗಲಿಲ್ಲ.
ಗುರೆಳ್ಳು ಎಷ್ಟು ಹಾಕಿದಿ, ಮೊದಲ ಹುರದಿಯೋ ಹಸೀದೋ,
ಎಲ್ಲಾ ಕೇಳಿ, "ಬದನಿಕಾಯಿಗೆ ಹಾಕಿ ನೋಡತೀನಿ,"
ಅಂತ ಬಾಯಿ ಒರಸಿಕೊಂಡು ಹೋದಳು.

ಅವರ ಹಬ್ಬದ ಉಳಿದ ರೊಟ್ಟಿ
ನಮ್ಮ ಹಬ್ಬದ ಉಳಿದ ಹಕ್ಕಿ.
ಕಟುಮ್ ಅಂತ ಮುರದು, ಮ್ಯಾಲ ಹುರಳಿ ಸಾರು ಸುರುವಿ.
ರಾತ್ರಿ ನಮ್ಮವರು ಮೂರು ರೊಟ್ಟಿ ತಿಂದು,
"ನಿನ್ನೇನ ಹಿಂಗ ಮಾಡಬೇಕಿತ್ತಲ್ಲ?" ಅಂದರು.
ಮಾವ ತಾಟಿನಿಂದ ತಲಿ ಎತ್ತಲಿಲ್ಲ:
"ನಿನ್ನೆ ನೂಲು ಬಿಡಿಸಿರಲಿಲ್ಲ."

ಮೂರನೇ ದಿನಕ್ಕ ಸಾರೂ ತಳ ಕಂಡಿತು.
ಹಂಡೆ ಬಚ್ಚಲಕ್ಕ ಮರಳಿತು,
ಜಳಕದ ನೀರು ಒಂದೆರಡು ದಿನ ಬ್ಯಾರೇ ವಾಸನಿ.

ನಾಲ್ಕನೇ ದಿನ ಮುಂಜಾನೆ
"ಇವತ್ತ ಬಿಡಿಸೂದು ಏನೈತಿ?"
ಮೆಂತೆಪಲ್ಲೆ ಎರಡು ಸೂಡು ಕೊಟ್ಟೆ.
ಬೆಳಕಿಗೆ ಹಿಡದು ನೋಡಿದರು.
"ಇದಕ್ಕ ನಂಬರಿಲ್ಲ," ಅಂದರು.
ಆಮ್ಯಾಲ, "ಆ ಟೀವಿ ಒಂದೀಟು ಸರಸು.
ಬೆಳಕು ಅಲ್ಲಿ ಚಲೋ ಬೀಳತೈತಿ."

ಸರಿಸಿದೆ.
ಕುಣಿ ಇದ್ದಲ್ಲಿ ಕುಂತರು, ಮಡಚದ,
ಕಾಲು ಎರಡೂ ಮುಂದ ಚಾಚಿ.